ತಂತಿಯಿಲ್ಲದ ಗಿಟಾರು ಹ್ಞೂಂ ಅಂದದ್ದು

ದೆವ್ವ-ಭೂತದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ ನಾನು. ಯಾರಾದರೂ ಹುಣಸೆಮರದ ಸುದ್ದಿ ತೆಗೆದರೆ ಅಲ್ಲೇ ಒಂದು ಪಾಠ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಮಸೂತಿ ಎಂಬ ಹಳ್ಳಿಯಿಂದ ನೀಲಕ್ಕ ಫೋನ್ ಮಾಡಿದರು. ಅವರ ಗಂಡ ಮಲ್ಲಣ್ಣ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದವರು, ತೀರಿಕೊಂಡು ವರ್ಷವಾಗಿತ್ತು. ನನಗೆ ಅಷ್ಟಿಷ್ಟು ಗಿಟಾರು ಕಲಿಸಿದವರೂ ಅವರೇ. ಅವರದು ಸೆಕೆಂಡ್ ಹ್ಯಾಂಡ್ ಗಿಟಾರು. ಕರೆಂಟಿನದಾದರೂ ಒಡಲು ಅರ್ಧ ಪೊಳ್ಳು, ಎದೆಯ ಎರಡೂ ಬದಿಗೆ ಪಿಟೀಲಿಗಿರುವಂಥ ಸೀಳು. ಅದು ಅಸಲಿ ಫಾರಿನ್ ಮಾಲು ಎಂದು ಅವರು ಕೊನೆಯತನಕ ಹೇಳಿದರು, ಮನೆಯವರು ಕೊನೆಯತನಕ ನಕ್ಕರು. ಈಗ ನೀಲಕ್ಕನ ಮೈದುನನ ಮಗ ಅದನ್ನು ಸಿಂದಗಿಯ ತನ್ನ ಜ್ಯೂಸ್ ಅಂಗಡಿಗೆ ಒಯ್ದು, ಸುತ್ತ ಬಣ್ಣದ ಲೈಟು ಬಿಟ್ಟು ಗೋಡೆಗೆ ಮೊಳೆ ಹೊಡೆಯುವವನಿದ್ದ. ನಕಲಿಯಾದರೆ ಒಯ್ಯಲಿ, ಅಸಲಿಯಾದರೆ ನೀಲಕ್ಕನ ಹತ್ತಿರವೇ ಇರಲಿ ಎಂದು ಹಿರಿಯರು ತೀರ್ಮಾನ ಮಾಡಿದ್ದರು. ಅದು ಯಾವ ಮಾಡೆಲ್ ಎಂದು ನಾನು ಅವರ ಮನೆಗೆ ಹೋಗಿ ನೋಡಿ ಹೇಳಬೇಕಾಗಿತ್ತು.

ಹೇಳುವುದು ಹೇಗೆ? ಹೊಸ ಕೊಡ ತಂದರೆ ಪಾತ್ರೆ-ಭಾಂಡೆ ಅಂಗಡಿಯಲ್ಲಿ ಹೆಸರು ಹಾಕಿಸುವುದು ನಮ್ಮ ರೂಢಿ. ಮಲ್ಲಣ್ಣ ಗಿಟಾರಿಗೂ ಹಾಗೇ ಮಾಡಿಸಿದ್ದರು. ನಂಬರಿದ್ದ ಲೋಹದ ಪಟ್ಟಿಯನ್ನು ನುಣ್ಣಗೆ ಉಜ್ಜಿಸಿ, ತಮ್ಮ ಹೆಸರು, ಅಪ್ಪನ ಹೆಸರು, ಸಾಕಿನ್ ಮಸೂತಿ ಎಂದು ಕೊರೆಸಿದ್ದರು. ತುಕ್ಕು ಹಿಡಿದ ತಂತಿಗಳನ್ನು ಬಿಚ್ಚಿಟ್ಟು, ಸೀಳಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಕಂಪನಿಯ ಚೀಟಿಯೇನೋ ಇತ್ತು. ಆದರೆ ಪ್ರತಿ ಖಂಡೇನವಮಿಯ ಆಯುಧಪೂಜೆಗೂ ಅವರು ಬೆರಳು ತೂರಿಸಿ ಆ ಚೀಟಿಗೇ ವಿಭೂತಿ, ಕುಂಕುಮ ಹಚ್ಚಿದ್ದರು. ಅಷ್ಟು ವರ್ಷದ ಭಕ್ತಿಯ ಕೆಳಗೆ ಒಂದಕ್ಷರವೂ ಕಾಣಲಿಲ್ಲ.

ಮೊಬೈಲಿನಲ್ಲಿ ಅದೇ ಆಕಾರದ ಐದು ಮಾಡೆಲ್ ಸಿಕ್ಕವು, ನಾಲ್ಕು ಅಸಲಿ, ಒಂದು ನಕಲಿ. ನೀಲಕ್ಕನಿಗೂ ತಿಳಿಯಲೆಂದು ಗಟ್ಟಿಯಾಗಿ ಓದಿದೆ. ಮೂರನೆಯ ಹೆಸರಿಗೆ ಗಿಟಾರು ಹ್ಞೂಂ ಎಂದಿತು.

ಗಂಟಲು ಕಟ್ಟಿದ ಗಂಡಸು ಅಂದಂತೆಯೇ ಇತ್ತು. ಮಧ್ಯಾಹ್ನದ ಹೊತ್ತು, ಕರೆಂಟು ಹೋಗಿತ್ತು. ಹತ್ತಿರದ ದನಿಗೆ ತಂತಿ ತಾನಾಗಿ ಮಿಡಿಯುವುದನ್ನು ನಾನೇ ಮಕ್ಕಳಿಗೆ ಕಲಿಸುತ್ತೇನೆ, ಆದರೆ ತಂತಿಗಳೆಲ್ಲ ನನ್ನ ಪಕ್ಕದಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಹೆಸರುಗಳನ್ನು ಹಿಂದುಮುಂದು ಮಾಡಿ ಓದಿದೆ. ಗಿಟಾರನ್ನು ಪಡಸಾಲೆಗೆ ತಂದು ಓದಿದೆ. ಆ ಒಂದೇ ಹೆಸರಿಗೆ ಹ್ಞೂಂ. ಹೆದರಿ ಗಿಟಾರನ್ನು ಕೆಳಗಿಟ್ಟು ದೂರ ಸರಿದೆ, ಮುಚ್ಚಿಡುವುದಿಲ್ಲ. ಕೇಳಿಸಿತೇ ಎಂದು ನೀಲಕ್ಕನನ್ನು ಕೇಳಿದೆ. ಅವರಿಗೆ ಹೆದರಿಕೆಯಲ್ಲ, ಸಿಟ್ಟು ಬಂದಿತ್ತು.

"ಮೂವತ್ತು ವರ್ಷ ನಾ ಏನ್ ಕೇಳಿದ್ರೂ ಒಂದ ಸಲಾನೂ ಹ್ಞೂಂ ಅನ್ನಲಿಲ್ರಿ ಇವರು. ನೀವು ಕೇಳಿದ ಕೂಡ್ಲೆ ಅಂದ್ರು ನೋಡ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ನಂತರ ಸೊಲ್ಲಾಪುರದ ರಿಪೇರಿಯವನೊಬ್ಬ ಹತ್ತಿ, ಎಣ್ಣೆ ಹಾಕಿ ಚೀಟಿಯನ್ನು ಒರೆಸಿದ. ಅದೇ ಮಾಡೆಲ್, ಅಸಲಿ. ಹಿರಿಯರು ಗಿಟಾರನ್ನು ನೀಲಕ್ಕನಿಗೇ ಬಿಟ್ಟರು, ಜ್ಯೂಸ್ ಅಂಗಡಿಗೆ ಪ್ಲಾಸ್ಟಿಕ್ ಗಿಟಾರು ಬಂತು. ಆ ದನಿ ಎಲ್ಲಿಂದ ಬಂತೆಂದು ಎಷ್ಟು ಪುಸ್ತಕ ತಿರುವಿದರೂ ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಧೈರ್ಯ ಮಾಡಿ ನೀಲಕ್ಕನಿಗೆ ಫೋನ್ ಹಚ್ಚಿ, ಗಿಟಾರು ಮತ್ತೇನಾದರೂ ಅಂದಿತೇ ಎಂದು ಕೇಳಿದೆ.

"ನಿಮಗ್ಯಾಕ್ರಿ ಸರ," ಎಂದರು, "ಅದು ಗಂಡ ಹೆಂಡತಿ ಮಾತೈತಿ."