ತಂಗಿಗೆ ಕೊಟ್ಟ ಬಟ್ಟಲು

ಕೇರಿಯವರು ಅವನನ್ನು ನುಣುಪಣ್ಣ ಎಂದೇ ಕರೆಯುತ್ತಿದ್ದರು. ಮರದ ತುಂಡು ಕಂಡರೆ ಬೆರಳಾಡಿಸದೆ ಬಿಡುವ ಜಾಯಮಾನ ಅವನದಲ್ಲ. ತೇಗ, ಬೀಟೆ, ಹಲಸು, ಹೊನ್ನೆ ಎಲ್ಲದರಿಂದಲೂ ಪಟ್ಟಿ ಸೀಳಿ, ಅಂಟು ಹಾಕಿ ಜೋಡಿಸಿ, ಯಂತ್ರದಲ್ಲಿ ತಿರುಗಿಸಿ ಕಡೆದು ಹೂದಾನಿ, ಬಟ್ಟಲು ತೆಗೆಯುತ್ತಿದ್ದ. ಬಣ್ಣ ಬಳಿಯುವುದೆಂದರೆ ಅವನಿಗಾಗದು. ತಂಗಿಯ ಮದುವೆಗೆಂದು ಒಂದು ಮಳೆಗಾಲವಿಡೀ ಕೂತು ಅಂಥ ಬಟ್ಟಲೊಂದನ್ನು ಮಾಡಿಕೊಟ್ಟಿದ್ದ.

ತಂಗಿಯ ಮಾವ ಹಾಸಿಗೆ ಹಿಡಿದ ಸುದ್ದಿ ಬಂತು. ನೋಡಲು ಹೋದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮುಲಾಮಿನ ಘಾಟು. ಮುದುಕರು ಕೆಮ್ಮಿ, ಮಂಚದ ಕೆಳಗಿಂದ ಏನನ್ನೋ ಎತ್ತಿಕೊಂಡು, ಗಂಟಲು ಕೆರೆದು ಉಗಿದರು.

ಅದೇ ಬಟ್ಟಲು! ಬೀಟೆಯ ಗೆರೆಗಳ ಮೇಲೆ ಹಳದಿ ಕಫ ಮೆಲ್ಲಗೆ ಜಾರುತ್ತಿತ್ತು. ಅಂಚಿನಲ್ಲಿ ನೊಣವೊಂದು ಕೂತು ಕಾಲು ಉಜ್ಜಿಕೊಳ್ಳುತ್ತಿತ್ತು.

ನುಣುಪಣ್ಣ ಎದ್ದು ಹೊರಗೆ ಬಂದ. ಅಡುಗೆಮನೆಯಲ್ಲಿದ್ದ ತಂಗಿಯ ಮೇಲೆ ಹರಿಹಾಯ್ದ.

"ಏನೇ ಇದು ಅಸಹ್ಯ? ಉಗಿಯೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?"

"ಸ್ಟೀಲಿನದು ಕೊಟ್ರೆ ಠಣ್ ಅನ್ನುತ್ತೆ ಅಂತ ಬೈತಾರೆ. ಪ್ಲಾಸ್ಟಿಕ್ ಮಗುಚಿಕೊಳ್ಳುತ್ತೆ. ಇದು ಭಾರ ಇದೆ, ಸದ್ದಿಲ್ಲ. ಇವತ್ತಿನ ತನಕ ಒಂದು ಹನಿ ಸೋರಿಲ್ಲ ಅಣ್ಣ!"

ಹೊಗಳುತ್ತಿದ್ದೇನೆಂದೇ ಅವಳ ಎಣಿಕೆ.

ಮುದುಕರಿಗೆ ಜೊಂಪು ಹತ್ತಿದಾಗ ಅವನು ಮಂಚದ ಕೆಳಗಿಂದ ಬಟ್ಟಲನ್ನೆತ್ತಿ ಹಿತ್ತಿಲ ನಲ್ಲಿಗೆ ಒಯ್ದ. ನೀರು ಬಿಟ್ಟಷ್ಟೂ ಲೋಳೆ ಎಳೆಯೆಳೆಯಾಗಿ ಬೆರಳಿಗೆ ಸುತ್ತಿಕೊಂಡಿತು. ಪಟ್ಟಿಗಳ ಸಂದಿಯಲ್ಲೂ ಹಳಸಲು ನಾತ. ಗೋಡೆ ಹಿಡಿದುಕೊಂಡು, ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದ. ಗೋಡೆಯಾಚೆ ಎಸೆದುಬಿಡಲೆಂದು ಕೈ ಎತ್ತಿದ್ದ, ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. "ಎಲ್ಲಿ ಹೋಯ್ತಮ್ಮಾ ನನ್ನ ಬಟ್ಟಲು?"

ಬೇರೆ ದಾರಿಯಿರಲಿಲ್ಲ. ತಂದು ಕೊಟ್ಟ.

"ಕೈಗೆ ಎಷ್ಟು ಚೆನ್ನಾಗಿ ಕೂರುತ್ತೆ! ನೀನೇ ಮಾಡಿದ್ದಂತಲ್ಲಪ್ಪ?" ಎಂದರು ಮುದುಕರು.

"ಹೂಂ" ಎಂದ ಉಸಿರು ಬಿಗಿಹಿಡಿದು.

ಮುದುಕರು ಮೆಚ್ಚುಗೆಯಿಂದ ತಲೆಯಾಡಿಸಿ, ಬಟ್ಟಲನ್ನು ಬಾಯಿಗೆ ಹತ್ತಿರ ತಂದುಕೊಂಡು ಮತ್ತೆ ಉಗಿದರು.

ಮನೆಗೆ ಬಂದು ಎಷ್ಟು ಸೋಪು ಹಚ್ಚಿ ತೊಳೆದರೂ ಕೈ ಅಂಟಂಟು ಅನಿಸಿತು. ಅನ್ನ ಕಲಸಲು ಮನಸ್ಸಾಗದೆ ತಟ್ಟೆ ಸರಿಸಿದ. ಯಂತ್ರದ ಮೇಲೆ ಅರ್ಧ ಕಡೆದ ಹಲಸಿನ ಬಟ್ಟಲಿತ್ತು. ಅದರ ತಗ್ಗು ಕಂಡಿದ್ದೇ ಮತ್ತೆ ಓಕರಿಕೆ ಬಂತು. ಕೊಡಲಿ ತಂದು ಸೀಳಿ, ಸೌದೆಗೆ ಹಾಕಿದ.

ಅಂದಿನಿಂದ ಅವನು ಕಡೆಯುವುದನ್ನೇ ಬಿಟ್ಟ. ಕನ್ನಡಿ ಚೌಕಟ್ಟು, ಬಾಚಣಿಗೆ, ಜಾಲರಿ ಹಲಗೆ, ಇಷ್ಟೇ.

"ಬಂದೋರೆಲ್ಲ ಬಟ್ಟಲನ್ನೇ ಕೇಳ್ತಾರೆ ಕಣ್ರೀ" ಎಂದು ಹೆಂಡತಿ ಗೊಣಗುತ್ತಾಳೆ.

"ಕೇಳ್ಲಿ. ತಳ ಇರೋ ಯಾವ ಸಾಮಾನೂ ನಾನು ಮಾಡಲ್ಲ."