ಖಾಲಿ ಮಾಡಿಸುವ ಮ್ಯಾನೇಜರನ ಸಿನಿಮಾ

ಎಪ್ಪತ್ತರ ದಶಕದ ಕೊನೆಗೆ ನಾನು ಮಣಿಪಾಲದ ಒಂದು ಲಾಡ್ಜಿನಲ್ಲಿ ಮ್ಯಾನೇಜರನಾಗಿದ್ದೆ. ಬರುವವರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ರೋಗಿಗಳ ಕಡೆಯವರು. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: 'ರೂಮು ಯಾವಾಗ ಖಾಲಿ ಮಾಡ್ತೀರಿ' ಎಂದು ಯಾರನ್ನೂ ಕೇಳುವಂತಿಲ್ಲ. ರೋಗಿ ಗುಣವಾದರೂ ಖಾಲಿ, ಇಲ್ಲದಿದ್ದರೂ ಖಾಲಿ. ಯಾವ ಬಾಯಿಂದ ಕೇಳುವುದು?

ಆಗಲೇ ಕಾರ್ಕಳದ ಟಾಕೀಸಿಗೆ ಒಂದು ಹಳೇ ಕಪ್ಪು-ಬಿಳುಪು ನಗೆಚಿತ್ರ ಬಂತು. ಅದರಲ್ಲಿ ಲಾಡ್ಜಿನ ಮ್ಯಾನೇಜರ್ ಕೋಣೆ ಕೋಣೆಯ ಬಾಗಿಲು ಬಡಿದು ಕೇಳುವುದೇ ಅದನ್ನು. ಉಳಿದುಕೊಂಡವರೋ ಒಬ್ಬರಿಗಿಂತ ಒಬ್ಬರು ಖದೀಮರು, ಯಾರೂ ಅಲುಗುವುದಿಲ್ಲ. ಟಾಕೀಸಿನಲ್ಲಿ ಹತ್ತು ಜನರೂ ಇರಲಿಲ್ಲ. ನಾನು ಮಾತ್ರ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಮರುದಿನ ಮತ್ತೆ ಬಸ್ಸು ಹತ್ತಿ ಹೋದೆ. ನಾನು ದಿನಾ ನುಂಗಿಕೊಳ್ಳುತ್ತಿದ್ದ ಮಾತನ್ನು ಅವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅದೇ ಅದರ ರುಚಿ.

ಎರಡನೇ ಮಹಡಿಯಲ್ಲಿ ಬಜಗೋಳಿಯ ಒಬ್ಬ ಬ್ಯಾರಿ ಕಾಕ ಇದ್ದರು, ದಿನಸಿ ಅಂಗಡಿಯವರು. ಹೆಂಡತಿ ಆಸ್ಪತ್ರೆಯಲ್ಲಿ. ಸಂಜೆ ಅವರು ಬಂದಾಗ ನಾನು ಆ ಕಥೆಯನ್ನು ದಿನಕ್ಕಿಷ್ಟು ನಟಿಸಿ ಹೇಳುತ್ತಿದ್ದೆ. ಮರುದಿನ ಅವರು ಅದನ್ನು ಹೆಂಡತಿಗೆ ಒಪ್ಪಿಸುತ್ತಿದ್ದರು.

"ಅವಳು ನಗ್ತಾಳೆ ಮಾರಾಯ, ಇಂಜೆಕ್ಷನ್ ಕೊಡುವಾಗಲೂ ನಗ್ತಾಳೆ," ಎಂದರು ಒಮ್ಮೆ.

ನನಗೆ ಹೆಮ್ಮೆಯೋ ಹೆಮ್ಮೆ. ಕೊನೆಯ ಭಾಗವನ್ನು ಬೇಕೆಂದೇ ಹೇಳದೆ ಸತಾಯಿಸಿದೆ.

ಒಂದು ಬೆಳಿಗ್ಗೆ ಅವರ ಕೋಣೆಯೊಳಗೆ ಸದ್ದು ಕೇಳಿಸಿತು. ಎಲ್ಲಿಂದ ಬಂತೋ ಆ ದುರ್ಬುದ್ಧಿ! ಬಾಗಿಲು ಬಡಿದು, ಸಿನಿಮಾದವನ ದನಿಯಲ್ಲೇ ಕಿರುಚಿದೆ: "ರೂಮು ಯಾವಾಗ ಖಾಲಿ ಮಾಡ್ತೀರಿ?"

ಬಾಗಿಲು ತೆರೆಯಿತು. ಕಾಕನ ಕೈಯಲ್ಲಿ ಹೆಂಡತಿಯ ಬಟ್ಟೆಯ ಗಂಟು.

"ಈಗಲೇ," ಎಂದರು. "ಅವಳು ಬೆಳಗಿನ ಜಾವ ತೀರಿಹೋದಳು."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಕಡೆಗೆ ಎಂತ ಆಯ್ತು?" ಎಂದು ಕೇಳಿದರು.

"ಎಂತದ್ದು ಕಾಕ?"

"ಆ ಪಿಚ್ಚರಲ್ಲಿ. ಬೇಗ ಹೇಳು, ಕೆಳಗೆ ಗಾಡಿ ಕಾಯ್ತಾ ಉಂಟು."

ಗೋಡೆ ಹಿಡಿದುಕೊಂಡು ಹೇಳಿದೆ: ಕೊನೆಗೆ ಲಾಡ್ಜಿನ ಮಾಲೀಕ ಬಂದು ಮ್ಯಾನೇಜರನ್ನೇ ಹೊರಗೆ ಹಾಕುತ್ತಾನೆ, ಉಳಿದುಕೊಂಡವರೆಲ್ಲ ಸೇರಿ ಅವನ ಟ್ರಂಕು ಹೊರುತ್ತಾರೆ.

ಕಾಕ ಗಂಟನ್ನು ಎದೆಗೊತ್ತಿಕೊಂಡು ಜೋರಾಗಿ ನಕ್ಕರು.

"ಅವಳು ನಿನ್ನೆ ಅದನ್ನೇ ಹೇಳಿದ್ದು," ಎಂದರು. "ನಾನೇ, ಹಾಗೆಲ್ಲ ಆಗ್ಲಿಕ್ಕಿಲ್ಲ ಅಂತ ಅವಳ ಹತ್ರ ಜಗಳ ಮಾಡಿದೆ."