ಅನಸುಬಾಯಿಯ ಸದ್ದಿಲ್ಲದ ಕೋಣೆ

ವಾಡಿಯಿಂದ ಚಿಂಚೋಳಿವರೆಗೆ ಓಡಾಡುವ ಯಾವುದೇ ಕಾರಿರಲಿ, ಕಣ್ಣು ಕಟ್ಟಿಕೊಂಡು ಬರೀ ಸದ್ದು ಕೇಳಿ ಅದು ಯಾವ ವರ್ಷದ್ದು, ಎಷ್ಟು ಕೈ ಬದಲಾಗಿದೆ, ಮಾಲೀಕ ಬೆಳಿಗ್ಗೆ ಸುಸಲಾ ತಿಂದಿದ್ದಾನೋ ಇಡ್ಲಿ ತಿಂದಿದ್ದಾನೋ ಎಂದು ಹೇಳಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅದು ನಾನು. ಸೇಡಂ, ಶಹಾಬಾದಿನ ಮೆಕ್ಯಾನಿಕ್‌ಗಳು ಎಂಜಿನ್ ಬಿಚ್ಚುವ ಮೊದಲು ನನಗೆ ಫೋನು ಹಚ್ಚಿ ಬಾನೆಟ್ಟಿನ ಹತ್ತಿರ ಹಿಡಿಯುತ್ತಾರೆ. ಹೀಗಿರುವಾಗ, ಕಾರು ಒರೆಸುವ ಹೆಂಗಸಿನ ಬಗ್ಗೆ ಪತ್ರಿಕೆಗೆ ಬರೆಯಲು ನನಗಿಂತ ಯೋಗ್ಯರು ಸಿಕ್ಕಾರೆಯೇ?

ಮಂಗಳವಾರ, ಬೆಳಗಿನ ಐದು ಗಂಟೆ. ಐವತ್ತೆರಡು ವರ್ಷದ ಅನಸುಬಾಯಿ ವಾಡಿಯ ಕಾಲೊನಿಯೊಂದರಲ್ಲಿ ದಿನದ ಮೊದಲ ಕಾರಿನ ಮುಂದೆ ನಿಂತಿದ್ದಾರೆ. ಕೈಯಲ್ಲಿ ಹಳೆ ಧೋತರದ ತುಂಡು. ಬಕೆಟ್ ಇಲ್ಲ, ನೀರಿಲ್ಲ. ಸಿಮೆಂಟ್ ಲಾರಿಗಳು ಹಗಲಿರುಳು ಹಾಯುವ ರಸ್ತೆ ಪಕ್ಕದಲ್ಲೇ ಇದೆ. ಗಾಜಿನ ಮೇಲೆ ಧೂಳು ಜರಡಿ ಹಿಡಿದ ಹಿಟ್ಟಿನಂತೆ ಕೂತಿದೆ.

“ಈ ಧೂಳಿಗಿ ನೀರ್ ತೋರಿಸ್ಬಾರ್ದ್ರಿ ಸರ್. ನೀರ್ ಬಿತ್ತಂದ್ರ ಗೋಡಿಗಿ ಮಾಡ್ದಂಗ ಗಿಲಾವ್ ಆಗ್ತದ. ಹೊಸಾ ಕಾರ್ ತಂದೋರು ಮೊದಲ್ನೇ ದಿನಾನೇ ನೀರ್ ಉಗ್ಗಿ ವೈಪರ್ ತಿರುವ್ತಾರ. ಗಾಜೆಲ್ಲಾ ಗೀರ್ ಬಿದ್ದ ಮ್ಯಾಲ ನನ್ನ ಕರೀತಾರ.”

ಅವರ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಒಣ ಬಟ್ಟೆಯಿಂದ, ಒತ್ತದೆ, ಮೇಲಿನಿಂದ ಕೆಳಕ್ಕೆ ಝಾಡಿಸುತ್ತಾರೆ. ಇಬ್ಬನಿಗೆ ಧೂಳು ಗಟ್ಟಿಯಾಗಿದ್ದರೆ ಸಿಮೆಂಟ್ ಸಡಿಲಿಸುವ ಹುಣಸೆ ನೀರಿನಲ್ಲಿ ನೆನೆಸಿ ಹಿಂಡಿದ ಅರಿವೆಯನ್ನು ಅದರ ಮೇಲೆ ಹೊದಿಸಿ ನೂರರವರೆಗೆ ಎಣಿಸುತ್ತಾರೆ. ಆಮೇಲೆ ಒಂದೇ ದಿಕ್ಕಿಗೆ ಒರೆಸುತ್ತಾರೆ. ಎಂಟು ಗಂಟೆಯೊಳಗೆ ಹದಿನಾರು ಕಾರು, ಕೊನೆಗೆ ತಮ್ಮದೊಂದು. ಇಪ್ಪತ್ತೊಂದು ವರ್ಷಗಳಿಂದ ಅವರು ಒರೆಸಿದ ಗಾಜುಗಳನ್ನು ಸಾಲಾಗಿ ಹಾಸಿದರೆ ಸೇಡಂ ಮೇಲಿಂದ ಚಿಂಚೋಳಿ ಮುಟ್ಟಿ, ವಾಪಸು ಬರುವಾಗ ಚಿತ್ತಾಪುರದಲ್ಲಿ ಚಹಾ ಕುಡಿಯಬಹುದು. ನಾನೇ ಲೆಕ್ಕ ಹಾಕಿದ್ದೇನೆ.

“ಇಷ್ಟ್ ವರ್ಷದಾಗ ನನ್ನ ಕೈಲೇ ಒಂದ್ ಗಾಜಿಗೂ ಗೀರ್ ಬಿದ್ದಿಲ್ರಿ. ಅದೊಂದ್ ಬರೀರಿ,” ಎನ್ನುತ್ತಾರೆ.

ಹದಿನೇಳನೆಯದು ಅವರ ಸ್ವಂತದ್ದು. ಬಿಳಿ ಬಣ್ಣದ ಪುಟ್ಟ ಕಾರು, ನಾಲ್ಕು ಜನ ಕುಳಿತರೆ ಐದನೆಯವರ ಊಟದ ಡಬ್ಬಿಗೂ ಜಾಗ ಹುಡುಕಬೇಕು. ಮೊದಲು ಇದು ಗುರುಲಿಂಗಯ್ಯ ಮಾಸ್ತರರದ್ದಾಗಿತ್ತು. ಹದಿಮೂರು ವರ್ಷ ಅನಸುಬಾಯಿಯೇ ಇದನ್ನು ಒರೆಸಿದ್ದರು. ಮಾಸ್ತರರು ನಿವೃತ್ತರಾಗಿ ಚಿಂಚೋಳಿಗೆ ಹೊರಟಾಗ ಮಾರಲು ಇಟ್ಟರು. ನೋಡಲು ಬಂದವರೆಲ್ಲ ಒರೆಸುವವಳನ್ನೇ ವಿಚಾರಿಸಿದರು. ಎಡಗಡೆ ಬಾಗಿಲು ಜೋತಿದೆ, ಮ್ಯಾಟಿನ ಕೆಳಗೆ ತುಕ್ಕಿದೆ, ಮಳೆಗಾಲದಲ್ಲಿ ಡಿಕ್ಕಿ ಸೋರುತ್ತದೆ ಎಂದು ಅನಸುಬಾಯಿ ಒಬ್ಬೊಬ್ಬರಿಗೂ ತೋರಿಸಿದರು. ಎಲ್ಲರೂ ವಾಪಸು ಹೋದರು. ಎರಡು ತಿಂಗಳ ಮೇಲೆ ಅವರೇ ಕೊಂಡರು.

“ಸುಳ್ಳ್ ಏನ್ ಹೇಳೀನ್ರಿ ನಾ? ಖರೇನೇ ಹೇಳೀನಿ,” ಎಂದು ನಗುತ್ತಾರೆ.

ಪಕ್ಕದಲ್ಲಿ ಬೀಡಿ ಆರಿಸುತ್ತ ಗಂಡ ಚಂದ್ರಾಮ ಬಾಯಿ ಹಾಕುತ್ತಾರೆ. “ಐವತ್ತಕ್ಕ ಲೈಸೆನ್ಸ್ ತಗೊಂಡಾಳ್ರಿ ಇಕಿ. ದಿನಾ ಅದರ ಮಾರಿ ಒರಸ್ತಾಳ. ನನ್ನ ಮಾರಿ ಒಂದ್ ದಿನಾನೂ ಒರಸಿಲ್ಲ.”

“ನಿನ್ನ ಮಾರಿಗಿ ಹುಣಸಿ ನೀರೂ ಹತ್ತಂಗಿಲ್ಲ, ಸುಮ್ಮ ಕುಂದ್ರು.”

ಕಾರು ಕೊಂಡದ್ದು ಶೋಕಿಗಲ್ಲ. ಮೊಮ್ಮಗಳು ಸಪ್ನಾಗೆ ಈಗ ಏಳು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ನಾಲ್ಕನೇ ವಯಸ್ಸಿಗೆ ಶಸ್ತ್ರಚಿಕಿತ್ಸೆ ಮಾಡಿ ಕಿವಿಯ ಹಿಂದೆ ಯಂತ್ರ ಕೂಡಿಸಿದರು. ಕೇಳಿದ್ದನ್ನು ಮಾತಾಗಿಸಲು ಪ್ರತಿದಿನ ರೂಢಿ ಬೇಕು, ಅದಕ್ಕೆ ಸದ್ದಿಲ್ಲದ ಜಾಗ ಬೇಕು ಎಂದರು ಕಲಬುರಗಿಯಲ್ಲಿ ಮಾತು ಕಲಿಸುವ ಮೇಡಂ. ಅನಸುಬಾಯಿಯ ಒಂದೇ ಕೋಣೆಯ ಮನೆಯ ಈ ಮಗ್ಗುಲಲ್ಲಿ ರೈಲು, ಆ ಮಗ್ಗುಲಲ್ಲಿ ಲಾರಿ. ಸಪ್ನಾಳ ತಾಯಿ, ತಂದೆ ಬೆಳಕು ಹರಿಯುವ ಮುನ್ನ ಶಹಾಬಾದಿಗೆ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾರೆ.

“ಆ ಮಷಿನ್ನಿಗಿ ರೈಲೂ ಅಷ್ಟೇ, ಅಜ್ಜಿ ಮಾತೂ ಅಷ್ಟೇ. ಎಲ್ಲಾ ಕೂಡೇ ಹೋಗ್ತಾವ್ರಿ ಪಾಪ ಅದರ ತಲ್ಯಾಗ. ಒಂದಿನ ಮಾಸ್ತರ್ ಕಾರ್ ಒಳಗ ಕಸಾ ಹೊಡಿಯಾಕತ್ತಿದ್ದೆ. ಗಾಜ್ ಏರ್ಸಿದ್ದೆ. ಲಾರಿ ಹೋಯ್ತು, ಸಪ್ಪಳ ಎಲ್ಲೋ ದೂರ ಆಯ್ತು. ಅವತ್ತೇ ನನ್ನ ಜೀವ ಇದರ ಮ್ಯಾಲ ಹೋಯ್ತು.”

ದಿನಾ ಒಂದು ತಾಸು ಅಜ್ಜಿ, ಮೊಮ್ಮಗಳು ಮನೆ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಎಂಜಿನ್ ಬಂದ್, ಗಾಜು ಮೇಲೆ. ತುಟಿ ನೋಡಿ ಊಹಿಸಬಾರದೆಂದು ಅನಸುಬಾಯಿ ಬಾಯಿಗೆ ಅರಿವೆ ಅಡ್ಡ ಹಿಡಿದು ಒಂದೊಂದೇ ಮಾತು ಹೇಳುತ್ತಾರೆ. ಡ್ಯಾಶ್‌ಬೋರ್ಡಿನ ಮೇಲೆ ಬುದ್ಧನ ಪುಟ್ಟ ಮೂರ್ತಿ. “ಬುದ್ಧ” ಎನ್ನುತ್ತಾಳೆ ಸಪ್ನಾ. “ನೀರ್.” “ಕಾಗಿ.” ಬಿಡಿ ಮಾತು ನೂರಾ ನಲವತ್ತು ಬರುತ್ತವೆ. ಎರಡನ್ನು ಕೂಡಿಸಿ ಹೇಳಲು ಮಾತ್ರ ಬಾರದು. ಎಂಟು ತಿಂಗಳಿಂದ ಮೇಡಂ ಅದಕ್ಕೇ ಕಾಯುತ್ತಿದ್ದಾರೆ.

ಈ ಕಾರಿಗೆ ಈ ತಿಂಗಳು ಹದಿನೈದು ವರ್ಷ ತುಂಬಿದೆ. ಇವತ್ತು ಕಲಬುರಗಿಯಲ್ಲಿ ತಪಾಸಣೆ. ಪಾಸಾದರೆ ಇನ್ನೈದು ವರ್ಷ ರಸ್ತೆಯ ಮೇಲೆ, ಇಲ್ಲದಿದ್ದರೆ ಗುಜರಿಗೆ.

ಹದಿನಾರನೆಯ ಕಾರು ಮುಗಿಸಲು ಅನಸುಬಾಯಿ ಹಿಂದಿನ ಓಣಿಗೆ ಹೋಗುತ್ತಾರೆ. ಚಂದ್ರಾಮ ಚಹಾ ತರಲು ಮನೆಯೊಳಗೆ ಹೋಗುತ್ತಾರೆ. ಸಪ್ನಾ ಹಿಂದಿನ ಸೀಟಿನಲ್ಲಿದ್ದಾಳೆ, ಕಾರಿನ ಕಾವಲಿಗೆ ನಾನಿದ್ದೇನೆ. ಅಷ್ಟರಲ್ಲಿ ಅನಾಹುತ! ರಾಕ್ಷಸನಂಥ ಲಾರಿಯೊಂದು ಹಾಯುತ್ತದೆ, ಗಾಲಿಗೆ ಸಿಕ್ಕ ತೆಂಗಿನಕಾಯಿ ಗಾತ್ರದ ಕಲ್ಲು ಹಾರಿ ಬಂದು ಮುಂದಿನ ಗಾಜಿಗೆ ಬಡಿಯುತ್ತದೆ. ಎರಡನೆಯ ಕಲ್ಲನ್ನು ನಾನು ಗಾಳಿಯಲ್ಲೇ ಹಿಡಿಯದಿದ್ದರೆ ಗಾಜೇ ಉಳಿಯುತ್ತಿರಲಿಲ್ಲ. ಚಾಲಕನ ಕಣ್ಣಿಗೆ ಸರಿಯಾಗಿ ಅರ್ಧಚಂದ್ರದಂಥ ಗೀರುಗಳು ಬಿದ್ದಿವೆ.

ಓಡಿ ಬಂದ ಅನಸುಬಾಯಿ ಗಾಜಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

“ಕಲ್ಲ್ ಬಡದ್ರ ಚುಕ್ಕಿ ಬೀಳ್ತದ್ರಿ ಸರ್,” ಎನ್ನುತ್ತಾರೆ, ಮೆಲ್ಲಗೆ. “ಇರ್ಲಿ. ಹೊತ್ತಾಯ್ತು, ಕುಂದ್ರಿ.”

ಗೀರಿನ ಸಂದಿಯಿಂದ ರಸ್ತೆ ನೋಡುತ್ತ ಅನಸುಬಾಯಿ ಕಾರು ಓಡಿಸುತ್ತಾರೆ. ಕಲಬುರಗಿಯ ತಪಾಸಣೆ ಮೈದಾನದಲ್ಲಿ ಅಧಿಕಾರಿ ಬ್ರೇಕು, ದೀಪ, ಹೊಗೆ ಎಲ್ಲ ನೋಡಿ ತಲೆಯಾಡಿಸುತ್ತಾರೆ. ಗಾಜಿನ ಮುಂದೆ ನಿಲ್ಲುತ್ತಾರೆ.

“ಏನವ್ವಾ ಇದು? ಬಿಸಿಲು ಬಿದ್ರೆ ರಸ್ತೆ ಕಾಣ್ತದೇನು ನಿನಗೆ? ಯಾರು ಮಾಡಿದ್ದು?”

ಅನಸುಬಾಯಿ ತಲೆ ತಗ್ಗಿಸುತ್ತಾರೆ. “ನನ್ನ ಕೈಲೇ ಆಗ್ಯದ್ರಿ ಸಾಹೇಬ್ರ.”

ಇಪ್ಪತ್ತೊಂದು ವರ್ಷದ ಹೆಮ್ಮೆಯನ್ನು ಆಕೆ ಹಾಗೆ ಸಲೀಸಾಗಿ ಬಿಟ್ಟುಕೊಟ್ಟದ್ದು ನನ್ನಿಂದ ನೋಡಲಾಗುವುದಿಲ್ಲ. ಮುಂದೆ ನುಗ್ಗಿ ತೆಂಗಿನಕಾಯಿ ಗಾತ್ರದ ಕಲ್ಲಿನ ಕಥೆ ಶುರು ಮಾಡುತ್ತೇನೆ. ಈಗ ಕಲ್ಲು ಕುಂಬಳಕಾಯಿಯಷ್ಟಾಗಿದೆ. ಹಿಂದಿನ ಕಿಟಕಿಯಿಂದ ಪುಟ್ಟ ಕೈಯೊಂದು ಹೊರಬರುತ್ತದೆ, ಬೆರಳು ನನ್ನ ಎದೆಗೆ ನೆಟ್ಟಿದೆ.

“ಕಾಕಾ ನೀರ್ ಹಾಕ್ದ.”

ಅಧಿಕಾರಿ ನನ್ನ ಮುಖ ನೋಡುತ್ತಾರೆ. ಚಂದ್ರಾಮ ಮೂರು ಮಾತೆಂದು ಬೆರಳು ಮಡಚಿ ಎಣಿಸಿ ಹೆಂಡತಿಯ ಮುಖ ನೋಡುತ್ತಾರೆ.

ಕಲ್ಲು ಇರಲಿಲ್ಲ, ಲಾರಿಯೂ ಇರಲಿಲ್ಲ. ಅನಸುಬಾಯಿ ಬರುವಷ್ಟರಲ್ಲಿ ಗಾಜು ಹೊಳೆಯಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ಎರಡು ಚೆಂಬು ನೀರು ಸುರಿದು, ಚಾವಿ ತಿರುವಿ ವೈಪರ್ ಓಡಿಸಿದವನು ನಾನೇ. ನೀರು ತೋರಿಸಬಾರದು ಎಂದು ಅವರು ಹೇಳಿ ಮೂರು ತಾಸೂ ಆಗಿರಲಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ. ಸದ್ದು ಕೇಳಿ ಕಾರು ಗುರುತಿಸುವುದಿರಲಿ, ಬೈಕಿಗೂ ಲಾರಿಗೂ ವ್ಯತ್ಯಾಸ ಹೇಳಿದರೆ ಹೆಚ್ಚು. ಮೈದಾನದಲ್ಲಿ ಎಲ್ಲರೆದುರು ಒಪ್ಪಿಕೊಂಡೆ. ಹೊಸ ಗಾಜು ಹಾಕಿಸಿಕೊಂಡು ಬನ್ನಿ, ಉಳಿದದ್ದೆಲ್ಲ ಸರಿಯಿದೆ ಎಂದರು ಅಧಿಕಾರಿ. ಗಾಜು ನಾನು ಹಾಕಿಸಿಕೊಟ್ಟೆ. ಮುಂದಿನ ವಾರ ಕಾರು ಪಾಸಾಯಿತು.

ಆದರೆ ಆ ಹೊತ್ತಿನಲ್ಲಿ ಅನಸುಬಾಯಿಗೆ ಗಾಜೂ ಬೇಕಿರಲಿಲ್ಲ, ಅಧಿಕಾರಿಯೂ ಬೇಕಿರಲಿಲ್ಲ. ಹಿಂದಿನ ಬಾಗಿಲು ತೆಗೆದು ಮೊಮ್ಮಗಳ ಪಕ್ಕ ಕೂತು, ಗಾಜು ಏರಿಸಿ, ಬಾಯಿಗೆ ಅರಿವೆ ಅಡ್ಡ ಹಿಡಿದು ಏನೋ ಕೇಳಿದರು. ಸಪ್ನಾಳ ತುಟಿ ಅಲುಗಿತು. ಮತ್ತೆ ಕೇಳಿದರು, ಮತ್ತೆ ಅಲುಗಿತು. ಹೊರಗೆ ನಿಂತ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಪ್ರತಿಸಲ ಬೆರಳು ಮಾತ್ರ ನನ್ನ ಕಡೆಗೇ ಇತ್ತು.

ಕೊನೆಗೆ ಗಾಜು ನಾಲ್ಕು ಬೆರಳು ಇಳಿಯಿತು. ಅನಸುಬಾಯಿಯ ಕಣ್ಣು ತುಂಬಿತ್ತು.

“ಸರ್, ನೀವ್ ನೀರ್ ಹಾಕಿದ್ದೂ ಬರೀರಿ. ಇಲ್ಲಂದ್ರ ಅಕಿ ಖರೇನೇ ಹೇಳಿದ್ಲಂತ ಓದಿದೋರಿಗಿ ಹ್ಯಾಂಗ್ ತಿಳೀಬೇಕು?”